ಫೋನ್ ಸಾಕಾ, ಟ್ಯಾಬ್ ಬೇಕಾ, ಲ್ಯಾಪ್‌ಟಾಪೇ ಆಗಬೇಕಾ? ಮನೆಗೆ ಎರಡನೇ ಸಾಧನ ಆರಿಸುವ ಕ್ರಮ

ಪಕ್ಕದ ಮನೆ ಹುಡುಗಿ ಸಿಇಟಿ ಆಪ್ಷನ್ ಎಂಟ್ರಿಗೆ ಕೂತಿದ್ದಳು. ಕೈಯಲ್ಲಿ ಫೋನ್ ಮಾತ್ರ. ಕಾಲೇಜು ಕೋಡುಗಳ ಪಟ್ಟಿ ಒಂದು ಪಿಡಿಎಫ್‌ನಲ್ಲಿ, ಹಿಂದಿನ ವರ್ಷದ ಕಟ್‌ಆಫ್ ಇನ್ನೊಂದರಲ್ಲಿ, ಆಪ್ಷನ್ ತುಂಬುವ ಪುಟ ಬ್ರೌಸರ್‌ನಲ್ಲಿ. ಪಿಡಿಎಫ್ ನೋಡಿ ಬ್ರೌಸರ್‌ಗೆ ಬರುವಷ್ಟರಲ್ಲಿ ಕೋಡ್ ಮರೆತುಹೋಗುತ್ತಿತ್ತು. ಮತ್ತೆ ವಾಪಸ್. ಫೋನಿನಲ್ಲಿ ರ‍್ಯಾಮ್ ಕಡಿಮೆ. ತೆರೆದದ್ದನ್ನು ನೆನಪಿನಲ್ಲಿ ಇಟ್ಟುಕೊಳ್ಳುವ ಮೆಮೊರಿ ಅದು. ಹಾಗಾಗಿ ಮೂರನೇ ಸಲ ಬರುವಾಗ ಪುಟ ಪೂರ್ತಿ ಮತ್ತೆ ಲೋಡ್ ಆಯಿತು, ಲಾಗಿನ್ ಮೊದಲಿಂದ. ಹುಡುಗಿ ಕಣ್ಣಲ್ಲಿ ನೀರು. ನಮ್ಮ ಮನೆಯ ಹಳೇ ಲ್ಯಾಪ್‌ಟಾಪ್ ತಂದುಕೊಟ್ಟೆ. ಎಡಗಡೆ ಪಟ್ಟಿ, ಬಲಗಡೆ ಪುಟ. ಒಂದು ಗಂಟೆಯೊಳಗೆ ಕೆಲಸ ಮುಗಿಯಿತು.

ಮರುದಿನ ಅವಳ ಅಪ್ಪ ಬಂದರು. “ಏನು ತಗೊಳ್ಳೋದು ಮಾರಾಯ್ರೇ? ಟ್ಯಾಬಾ, ಲ್ಯಾಪ್‌ಟಾಪಾ? ಅಥವಾ ಇದಕ್ಕಿಂತ ದೊಡ್ಡ ಫೋನ್ ಒಂದು ತಗೊಂಡ್ರೆ ಆಗುತ್ತಾ?”

ಅಂಗಡಿಗೆ ಹೋಗಿ ಈ ಪ್ರಶ್ನೆ ಕೇಳಿದರೆ ಅವರು ಮೊದಲು ಕೇಳೋದು ಬಜೆಟ್ ಎಷ್ಟು ಅಂತ. ನಾನು ಬೇರೆ ಕೇಳಿದೆ: ಈಗಿರುವ ಫೋನ್ ನಿಮ್ಮನ್ನು ಎಲ್ಲೆಲ್ಲಿ ಸತಾಯಿಸುತ್ತಿದೆ? ಅದು ಗೊತ್ತಾಗದೆ ದುಡ್ಡು ಬಿಚ್ಚಬಾರದು. ಐದು ವರ್ಷದ ಹಿಂದೆ ನಾನು ಹಾಗೆ ಬಿಚ್ಚಿದೆ. ಆಫರ್ ಇತ್ತು ಅಂತ 8 ಇಂಚಿನ, 2 ಜಿಬಿ ರ‍್ಯಾಮ್‌ನ ಟ್ಯಾಬ್ ತಂದೆ. ಫೋನಿಗಿಂತ ನಿಧಾನ, ಲ್ಯಾಪ್‌ಟಾಪ್ ಕೆಲಸ ಒಂದೂ ಆಗಲಿಲ್ಲ. ಮೂರೇ ತಿಂಗಳಿಗೆ ಬೀರು ಸೇರಿತು. ಆ ದುಡ್ಡು ಹೋದದ್ದು ನನಗೆ ಇವತ್ತಿಗೂ ಬೇಜಾರು. ನಿಮಗೆ ಹಾಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

1. ಒಂದು ವಾರ ಬರೆದಿಡಿ

ಒಂದು ಹಳೇ ನೋಟ್‌ಬುಕ್ ತಗೊಳ್ಳಿ. ಏಳು ದಿನ, ಫೋನಿನಲ್ಲಿ ಏನು ಕೆಲಸ ಮಾಡಿದಿರಿ, ಎಲ್ಲಿ ತೊಡಕಾಯಿತು ಅಂತ ಒಂದೊಂದು ಸಾಲು ಬರೆಯಿರಿ. ಸಲೀಸಾಗಿ ಆದದ್ದನ್ನೂ ಬರೆಯಿರಿ.

ಪಕ್ಕದ ಮನೆಯವರ ಪುಸ್ತಕದಲ್ಲಿ ಇದ್ದದ್ದು ಹೀಗೆ. “ಪಹಣಿ ತೆಗೆದೆ, ಫೋನಲ್ಲೇ ಆಯ್ತು.” “ಕರೆಂಟ್ ಬಿಲ್, ಆಯ್ತು.” “ಸಂಘದ ಲೆಕ್ಕದ ಎಕ್ಸೆಲ್, ಅಡ್ಡಡ್ಡ ಎಳೆದೂ ಎಳೆದೂ ಸಾಕಾಯ್ತು.” “ಅಡಿಕೆ ಎಲೆಚುಕ್ಕಿ ರೋಗದ ಪಿಡಿಎಫ್, ಅಕ್ಷರ ಕಾಣಲ್ಲ.” “ಮಗಳ ನೋಟ್ಸ್, ದಿನಾ ಓದ್ಬೇಕು, ಕಣ್ಣುರಿ.” “ಸಂಘದ ಪತ್ರ ಟೈಪ್ ಮಾಡಿದ್ದು, ಅರ್ಧ ಪುಟಕ್ಕೆ ಮುಕ್ಕಾಲು ಗಂಟೆ.”

ವಾರ ಮುಗಿದ ಮೇಲೆ ತೊಡಕಾದ ಸಾಲುಗಳನ್ನು ಮೂರು ಗುಂಪು ಮಾಡಿ. ಓದೋದು, ನೋಡೋದು ಕಷ್ಟವಾದದ್ದು ಒಂದು. ಬರೆಯೋದು ಕಷ್ಟವಾದದ್ದು ಇನ್ನೊಂದು. ಎರಡು ಮೂರು ಪುಟ ಒಟ್ಟಿಗೆ ತೆರೆದಿರಬೇಕಾದದ್ದು, ಇಲ್ಲವೇ ಫೋನಿನಲ್ಲಿ ಆ ಸಾಫ್ಟ್‌ವೇರೇ ಸಿಗದಿದ್ದದ್ದು ಮೂರನೆಯದು. ಮೊದಲನೇ ಗುಂಪು ಜಾಸ್ತಿ ಇದ್ದರೆ ಟ್ಯಾಬ್ ಕಡೆ ನೋಡಿ. ಮೂರನೆಯದು ಜಾಸ್ತಿ ಇದ್ದರೆ ಲ್ಯಾಪ್‌ಟಾಪ್. ನಡುವಿನ ಗುಂಪೇ ದೊಡ್ಡದಾದರೆ ಸ್ವಲ್ಪ ತಡೀರಿ. ಬರೀ ಒಂದು ಕೀಬೋರ್ಡಿನಲ್ಲಿ ಮುಗಿಯುವ ತೊಂದರೆ ಇರಬಹುದು.

2. ಇರುವ ಫೋನನ್ನೇ ಪೂರ್ತಿ ಬಳಸಿ ನೋಡಿ

ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಮೇಲಿನ ಮೂರು ಚುಕ್ಕಿ ಒತ್ತಿದರೆ ‘ಡೆಸ್ಕ್‌ಟಾಪ್ ಸೈಟ್’ ಅಂತ ಇದೆ. ಕೆಲವು ಸರ್ಕಾರಿ ಜಾಲತಾಣಗಳಲ್ಲಿ ಮೊಬೈಲ್ ಪುಟದಲ್ಲಿ ಕಾಣದ ಬಟನ್ ಅದನ್ನು ಆನ್ ಮಾಡಿದಾಗ ಕಾಣುತ್ತದೆ. ಪರದೆಯನ್ನು ಎರಡು ಭಾಗ ಮಾಡಿ ಎರಡು ಆ್ಯಪ್ ಒಟ್ಟಿಗೆ ಇಡುವ ಸೌಲಭ್ಯವೂ ಬಹಳ ಫೋನ್‌ಗಳಲ್ಲಿದೆ. ಸಣ್ಣ ಕೆಲಸಕ್ಕೆ ಸಾಕು.

ಆಮೇಲೆ ಒಂದು ಬ್ಲೂಟೂತ್ ಕೀಬೋರ್ಡ್. ಸಾವಿರ, ಒಂದೂವರೆ ಸಾವಿರಕ್ಕೆ ಸಿಗುತ್ತದೆ. ಸಾಧ್ಯವಾದರೆ ಯಾರದ್ದಾದರೂ ಎರಡು ದಿನಕ್ಕೆ ಕೇಳಿ ತನ್ನಿ. ಫೋನನ್ನು ಒಂದು ಸ್ಟ್ಯಾಂಡಿಗೆ ಒರಗಿಸಿ, ಕೀಬೋರ್ಡ್ ಜೋಡಿಸಿ, ಒಂದು ಉದ್ದದ ಮೇಲ್ ಬರೆಯಿರಿ. ಕಾಪಿ, ಪೇಸ್ಟ್ ಮಾಡುವ ಶಾರ್ಟ್‌ಕಟ್‌ಗಳು ಕಂಪ್ಯೂಟರಿನಲ್ಲಿ ಇದ್ದ ಹಾಗೇ ಕೆಲಸ ಮಾಡುತ್ತವೆ. ತುಂಬ ಜನಕ್ಕೆ ಇದೇ ಸಾಕಾಗುತ್ತದೆ. ಸಾಕಾಗದಿದ್ದರೂ ನಷ್ಟ ಇಲ್ಲ, ನಾಳೆ ಟ್ಯಾಬ್ ತಂದರೆ ಅದಕ್ಕೂ ಇದೇ ಕೀಬೋರ್ಡ್ ಆಗುತ್ತದೆ.

ನಿಮ್ಮ ಹತ್ತಿರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್ ಸರಣಿಯ ಫೋನ್ ಇದ್ದರೆ ‘ಡೆಕ್ಸ್’ ಮರೆಯಬೇಡಿ. 2017ರಲ್ಲಿ ಎಸ್8 ಜೊತೆ ಬಂದದ್ದು ಅದು. ಫೋನನ್ನು ಟಿವಿಗೋ ಮಾನಿಟರಿಗೋ ಜೋಡಿಸಿದರೆ ಕಂಪ್ಯೂಟರಿನಂತೆ ಕಿಟಕಿ ಕಿಟಕಿಯಾಗಿ ಕೆಲಸ ಮಾಡಬಹುದು. ಆದರೆ ಎಲ್ಲಾ ಫೋನಿನ ಟೈಪ್-ಸಿ ಪೋರ್ಟಿನಿಂದ ಚಿತ್ರ ಹೊರಗೆ ಬರುವುದಿಲ್ಲ. ಕಡಿಮೆ ಬೆಲೆಯ ಫೋನ್‌ಗಳ ಪೋರ್ಟ್ ಸಾಮಾನ್ಯವಾಗಿ ಚಾರ್ಜಿಂಗ್‌ಗೆ, ಫೈಲ್ ಸಾಗಿಸುವುದಕ್ಕೆ ಮಾತ್ರ. ಕೇಬಲ್ ಕೊಳ್ಳುವ ಮೊದಲೇ ಇದನ್ನು ವಿಚಾರಿಸಿ.

3. ಸ್ಕೇಲ್ ಹಿಡಿದು ಅಳೆಯಿರಿ

ದೊಡ್ಡ ಫೋನ್ ತಗೊಂಡರೆ ಆಗುತ್ತಾ ಅನ್ನುವ ಪ್ರಶ್ನೆಗೆ ಉತ್ತರ ಒಂದು ಶಾಲೆ ಸ್ಕೇಲಿನಲ್ಲಿದೆ. ಪಕ್ಕದ ಮನೆಯವರಿಗೂ ಹಾಗೇ ತೋರಿಸಿದೆ.

ಎ4 ಹಾಳೆಯ ಅಗಲ 21 ಸೆಂ.ಮೀ. 6.7 ಇಂಚಿನ ದೊಡ್ಡ ಫೋನಿನ ಪರದೆ ನಿಲ್ಲಿಸಿ ಹಿಡಿದರೆ ಅಗಲ ಸುಮಾರು 7 ಸೆಂ.ಮೀ. ಅಂದರೆ ಎ4 ಪುಟದ ಪಿಡಿಎಫ್ ಅದರಲ್ಲಿ ಮೂರರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ. 12 ಪಾಯಿಂಟಿನ ಅಕ್ಷರ 4 ಪಾಯಿಂಟ್ ಆಗುತ್ತದೆ. ಮಾತ್ರೆ ಡಬ್ಬಿಯೊಳಗಿನ ಚೀಟಿಯ ಅಕ್ಷರಕ್ಕಿಂತ ಸಣ್ಣದು. ಹಿಗ್ಗಿಸಿದರೆ ಸಾಲಿನ ಅರ್ಧ ಹೊರಗೆ ಹೋಗುತ್ತದೆ, ಪ್ರತಿ ಸಾಲಿಗೂ ಬೆರಳಲ್ಲಿ ಎಳೆಯಬೇಕು. ಕಣ್ಣುರಿ ಬರುವುದು ಸುಮ್ನೆ ಅಲ್ಲ.

11 ಇಂಚಿನ ಸಾಮಾನ್ಯ ಟ್ಯಾಬ್ ನಿಲ್ಲಿಸಿ ಹಿಡಿದರೆ ಅಗಲ ಸುಮಾರು 14.8 ಸೆಂ.ಮೀ. ಎ4 ಹಾಳೆಯನ್ನು ನಡುವೆ ಮಡಚಿದರೆ ಬರುವ ಅಳತೆ ಅದೇ. ಅದೇ 12 ಪಾಯಿಂಟಿನ ಅಕ್ಷರ ಇಲ್ಲಿ ಎಂಟೂವರೆ ಪಾಯಿಂಟಿನಷ್ಟು ಕಾಣುತ್ತದೆ, ಎಳೆಯದೆ ಓದಬಹುದು. ಒಟ್ಟು ಜಾಗ ಲೆಕ್ಕ ಹಾಕಿದರೆ ಆ ದೊಡ್ಡ ಫೋನಿನ ಮೂರು ಪಟ್ಟಿಗಿಂತ ಜಾಸ್ತಿ. 6.4 ಇಂಚಿನ ಫೋನ್ ಬಿಟ್ಟು 6.8 ಇಂಚಿನದು ತಂದರೆ ಈ ವ್ಯತ್ಯಾಸ ಎಲ್ಲಿಂದ ಬರಬೇಕು? ಓದುವುದಕ್ಕಾಗಿ ದೊಡ್ಡ ಫೋನಿಗೆ ದುಡ್ಡು ಹಾಕಬೇಡಿ ಅಂತ ನಾನು ಗಟ್ಟಿಯಾಗಿ ಹೇಳುವುದು ಇದಕ್ಕೇ.

ಇಂಚಿನ ಲೆಕ್ಕದಲ್ಲೇ ಇನ್ನೊಂದು ಮಾತು. ಇಂಚು ಅಂದರೆ ಮೂಲೆಯಿಂದ ಮೂಲೆಗೆ ಇರುವ ಉದ್ದ. 16:10 ಆಕಾರದ ಪರದೆ ಉದ್ದುದ್ದ ಇರುತ್ತದೆ, 4:3 ಆಕಾರದ್ದು ಪುಸ್ತಕದ ಪುಟದ ಹಾಗೆ. 4:3ರ 9.7 ಇಂಚಿನ ಪರದೆಯಲ್ಲಿ ಇರುವಷ್ಟೇ ಜಾಗ 16:10ರ 10.1 ಇಂಚಿನದರಲ್ಲೂ ಇರುತ್ತದೆ. ಸಿನಿಮಾ ಜಾಸ್ತಿ ನೋಡುವವರಿಗೆ ಉದ್ದದ್ದು ಒಳ್ಳೆಯದು. ಪಿಡಿಎಫ್, ಪುಸ್ತಕ ಓದುವವರಿಗೆ 4:3ಕ್ಕೆ ಹತ್ತಿರದ್ದು ಹಿತ. ಐಪ್ಯಾಡ್‌ಗಳು ಆ ಆಕಾರಕ್ಕೆ ಹತ್ತಿರ ಇರುತ್ತವೆ.

ಪುಸ್ತಕದ ಹಾಗೆ ಮಡಚುವ ಫೋನ್‌ಗಳು? ಬಿಚ್ಚಿದಾಗ ಎಂಟು ಇಂಚಿನ ಆಸುಪಾಸು. ಆ ಬೆಲೆಗೆ ಒಂದು ಟ್ಯಾಬ್, ಒಂದು ಲ್ಯಾಪ್‌ಟಾಪ್ ಎರಡೂ ಬರುತ್ತವೆ. ಮುಂದೆ ಹೋಗೋಣ.

4. ಕನ್ನಡದಲ್ಲಿ ನಿಮ್ಮ ಕೆಲಸ ಎಷ್ಟು ಅಂತ ನೋಡಿ

ಇಂಗ್ಲಿಷಿನಲ್ಲಿ ಬರುವ ಸಲಹೆಗಳಲ್ಲಿ ಈ ಭಾಗವೇ ಇರುವುದಿಲ್ಲ. ನಮಗೆ ಇದು ಮುಖ್ಯ ಅಲ್ವಾ?

ಮೊದಲು ಓದುವುದು. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಸಣ್ಣದಾಗಿ ಕೂರುತ್ತದೆ. ಪರದೆಯಲ್ಲಿ ಚುಕ್ಕಿಗಳು ಕಡಿಮೆ ಇದ್ದರೆ ಒತ್ತುಗಳು ಕಲಸಿಹೋಗುತ್ತವೆ. 8.7 ಇಂಚಿನ ಪರದೆಗೆ 1340x800 ಚುಕ್ಕಿ ಇದ್ದರೆ ಇಂಚಿಗೆ ಸುಮಾರು 179 ಬಿತ್ತು. 11 ಇಂಚಿಗೆ 1920x1200 ಇದ್ದರೆ ಸುಮಾರು 206. ದೊಡ್ಡ ಫೋನ್‌ಗಳಲ್ಲಿ 390ರ ಹತ್ತಿರ ಇರುತ್ತದೆ. ಹಾಗಾಗಿ ಫೋನ್ ನೋಡಿ ಅಭ್ಯಾಸವಾದ ಕಣ್ಣಿಗೆ ಅಗ್ಗದ ಟ್ಯಾಬಿನ ಅಕ್ಷರ ಮಸುಕು ಅನಿಸುತ್ತದೆ. 10–11 ಇಂಚಿನ ಟ್ಯಾಬಿನಲ್ಲಿ 1920x1200ಕ್ಕಿಂತ ಕಡಿಮೆ ಇರುವುದು ಬೇಡ. ‘ರಾಷ್ಟ್ರ’, ‘ಸ್ತ್ರೀ’, ‘ಕರ್ತೃತ್ವ’ ಅಂತ ಸಣ್ಣ ಅಕ್ಷರದಲ್ಲಿ ಬರೆದು ನೋಡಿ, ಬೇರೆ ಪರೀಕ್ಷೆ ಬೇಕಿಲ್ಲ.

ಇನ್ನು ಬರೆಯುವುದು. ಫೋನಿನ ಟಚ್ ಕೀಬೋರ್ಡಿನಲ್ಲಿ ಜಿಬೋರ್ಡ್ ಹಾಕಿಕೊಂಡು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಕನ್ನಡವಾಗಿ ಬರುತ್ತದೆ. ಬಾಯಲ್ಲಿ ಹೇಳಿದರೂ ಬರುತ್ತದೆ. ಆದರೆ ಹೊರಗಿನ ಕೀಬೋರ್ಡ್ ಜೋಡಿಸಿದ ಮೇಲೆ ಅದೇ ಸೌಲಭ್ಯ ಹಾಗೇ ಇರುತ್ತದೆ ಅಂತ ನಂಬಿಕೊಳ್ಳಬೇಡಿ. ಕೊಳ್ಳುವ ಮೊದಲೇ ಆ ಕೀಬೋರ್ಡಿನಲ್ಲಿ ಒಂದು ಪ್ಯಾರಾ ಕನ್ನಡ ಟೈಪ್ ಮಾಡಿ ನೋಡಿ. ವಿಂಡೋಸ್‌ನಲ್ಲಿ ಈ ಚಿಂತೆ ಕಡಿಮೆ. 2019ರ ಮೇ ಅಪ್‌ಡೇಟ್‌ನಿಂದ ಉಚ್ಚಾರದಂತೆ ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಕನ್ನಡದ ಫೊನೆಟಿಕ್ ಕೀಬೋರ್ಡ್ ಅದರೊಳಗೇ ಇದೆ. ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ವಿನ್ಯಾಸ ಬೆರಳಿಗೆ ಹತ್ತಿದವರು ನುಡಿಯನ್ನೇ ಹಾಕಿಕೊಳ್ಳಬಹುದು. ಲಿನಕ್ಸ್‌ನಲ್ಲಿ ಕಗಪ (ಕನ್ನಡ ಗಣಕ ಪರಿಷತ್ತು) ವಿನ್ಯಾಸ ಸಿಗುತ್ತದೆ.

ದೊಡ್ಡ ಗುಂಡಿ ಇರುವುದು ಹಳೇ ಫೈಲ್‌ಗಳಲ್ಲಿ. ಕಚೇರಿ, ಸಂಘ, ಡಿಟಿಪಿ ಅಂಗಡಿಯಿಂದ ಬರುವ ವರ್ಡ್ ಫೈಲುಗಳು ಇನ್ನೂ ಎಷ್ಟೋ ಯೂನಿಕೋಡ್ ಅಲ್ಲ, ಅಂದರೆ ಎಲ್ಲಾ ಸಾಧನಗಳಲ್ಲೂ ಒಂದೇ ಥರ ಕಾಣುವ ಅಕ್ಷರ ಸಂಕೇತದಲ್ಲಿ ಇಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೇ ಆಸ್ಕಿ ಫಾಂಟಿನಲ್ಲಿ ಇರುತ್ತವೆ. ಆ ಫಾಂಟ್ ಇಲ್ಲದ ಫೋನ್, ಟ್ಯಾಬಿನಲ್ಲಿ ತೆರೆದರೆ ಕನ್ನಡದ ಬದಲು ಟೋಪಿ ಹಾಕಿದ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ಏನೇನೋ ಕಾಣುತ್ತದೆ. ಫೈಲ್ ಹಾಳಾಗಿದೆ ಅಂತ ಎಷ್ಟೋ ಜನ ಅಳಿಸಿಯೂ ಹಾಕುತ್ತಾರೆ. ಹಾಳಾಗಿರುವುದಿಲ್ಲ, ದಯವಿಟ್ಟು ಅಳಿಸಬೇಡಿ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರ ಸರಿಯಾಗಿ ಬಂದಿದೆಯಾ ಅಂತ ಕಣ್ಣಾಡಿಸಿ. ಇಂಥ ಫೈಲನ್ನು ತಿದ್ದಿ, ಅದೇ ರೂಪದಲ್ಲಿ ವಾಪಸ್ ಕೊಡುವ ಕೆಲಸ ವಾರಕ್ಕೊಮ್ಮೆ ಇದ್ದರೂ ಸರಿ, ವಿಂಡೋಸ್ ಲ್ಯಾಪ್‌ಟಾಪೇ ತಗೊಳ್ಳಿ.

5. ಲ್ಯಾಪ್‌ಟಾಪ್ ಬಿಟ್ಟು ಆಗದ ಕೆಲಸ

ಲೆಕ್ಕಪತ್ರ ಇಡುವ ಟ್ಯಾಲಿ ವಿಂಡೋಸ್‌ನ ಸಾಫ್ಟ್‌ವೇರ್. ಟೆಂಡರ್ ಹಾಕುವವರ, ಕಂಪನಿ ಲೆಕ್ಕ ಸಲ್ಲಿಸುವವರ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್‌ಗೆ ಡ್ರೈವರ್ ಹಾಕಬೇಕು, ಅದಕ್ಕೆ ಕಂಪ್ಯೂಟರ್ ಬೇಕು. ದೊಡ್ಡ ಎಕ್ಸೆಲ್, ಮ್ಯಾಕ್ರೋ, ಪ್ರೋಗ್ರಾಮಿಂಗ್ ಕಲಿಯುವುದು, ಪುಸ್ತಕದ ಪುಟವಿನ್ಯಾಸ ಇವೂ ಅಷ್ಟೇ. ವೈಫೈ ಇಲ್ಲದ ಹಳೇ ಪ್ರಿಂಟರ್ ಮನೆಯಲ್ಲಿದ್ದರೆ ಅದನ್ನೂ ನೆನಪಿಡಿ. ನಿಮ್ಮ ನೋಟ್‌ಬುಕ್‌ನಲ್ಲಿ ಇಂಥದ್ದು ಒಂದಿದ್ದರೂ ಟ್ಯಾಬಿನ ಆಸೆ ಬಿಡಿ.

6. ಟ್ಯಾಬ್ ಅಂತ ತೀರ್ಮಾನ ಆದರೆ

ರ‍್ಯಾಮ್ 6 ಜಿಬಿ ಕನಿಷ್ಠ, 8 ಇದ್ದರೆ ನಿಶ್ಚಿಂತೆ. ಸ್ಟೋರೇಜ್ 128 ಜಿಬಿ. ಐಪ್ಯಾಡಿಗೆ ರ‍್ಯಾಮ್ ಲೆಕ್ಕ ಬೇರೆ, ತಲೆ ಕೆಡಿಸಿಕೊಳ್ಳಬೇಡಿ. ಆದರೆ ಅದಕ್ಕೆ ಮೆಮೊರಿ ಕಾರ್ಡ್ ಹಾಕುವ ಜಾಗ ಇಲ್ಲ ಅನ್ನುವುದು ಗೊತ್ತಿರಲಿ.

ಬ್ರೌಸಿಂಗ್ ವಿಷಯದಲ್ಲಿ ಐಪ್ಯಾಡ್‌ಗೆ ಒಂದು ಅನುಕೂಲ ಇದೆ. 2019ರ ಐಪ್ಯಾಡ್‌ಓಎಸ್‌ನಿಂದ ಸಫಾರಿ ತಾನಾಗೇ ಡೆಸ್ಕ್‌ಟಾಪ್ ಪುಟವನ್ನೇ ತೆರೆಯುತ್ತದೆ. ಆಂಡ್ರಾಯ್ಡ್ ಟ್ಯಾಬಿನಲ್ಲಿ ಜಾಹೀರಾತು ತಡೆಯುವಂಥ ಎಕ್ಸ್‌ಟೆನ್ಶನ್ ಬೇಕಾದರೆ ಫೈರ್‌ಫಾಕ್ಸ್ ಹಾಕಿಕೊಳ್ಳಿ, ಕ್ರೋಮ್‌ನಲ್ಲಿ ಅದಕ್ಕೆ ಅವಕಾಶ ಇಲ್ಲ.

ಜನ ಎಡವುವುದು ಬೆಲೆಯಲ್ಲಿ. ಟ್ಯಾಬಿನ ಬೆಲೆ ನೋಡುತ್ತಾರೆ, ಜೊತೆಗೆ ಬೇಕಾದದ್ದರ ಬೆಲೆ ನೋಡುವುದಿಲ್ಲ. 2025ರ ಮಾರ್ಚ್‌ನಲ್ಲಿ ಬಂದ 128 ಜಿಬಿ ಐಪ್ಯಾಡಿನ ಆರಂಭದ ಬೆಲೆ 34,900 ರೂಪಾಯಿ. ಆಪಲ್‌ನದೇ ಕೀಬೋರ್ಡ್ ಕವರ್ 24,900. ಟೈಪ್-ಸಿ ಪೆನ್ಸಿಲ್ 7,900. ಮೂರೂ ಸೇರಿ 67,700! ಆ ದುಡ್ಡಿಗೆ ಒಳ್ಳೇ ಲ್ಯಾಪ್‌ಟಾಪ್ ಬರುತ್ತದೆ. ಅದೇ ಐಪ್ಯಾಡಿಗೆ ಸಾವಿರದೈನೂರರ ಬ್ಲೂಟೂತ್ ಕೀಬೋರ್ಡ್ ಜೋಡಿಸಿದರೂ ಟೈಪಿಂಗ್ ನಡೆಯುತ್ತದೆ. ಸ್ಯಾಮ್‌ಸಂಗ್‌ನ ಟ್ಯಾಬ್ ಎಸ್9 ಎಫ್ಇ ಥರದ ಕೆಲವಕ್ಕೆ ಪೆನ್ ಡಬ್ಬಿಯಲ್ಲೇ ಬರುತ್ತದೆ. ಕೈಬರಹದ ನೋಟ್ಸ್ ಮಾಡುವ ಮಕ್ಕಳಿಗೆ ಇದು ದೊಡ್ಡ ಉಳಿತಾಯ.

ಮೈಕ್ರೋಸಾಫ್ಟ್ ವರ್ಡ್, ಎಕ್ಸೆಲ್ ಮೊಬೈಲ್ ಆ್ಯಪ್‌ನಲ್ಲಿ ಪುಕ್ಕಟೆ ತಿದ್ದಲು ಬಿಡುವುದು 10.1 ಇಂಚಿನವರೆಗಿನ ಪರದೆಗೆ ಮಾತ್ರ. ಅದಕ್ಕಿಂತ ದೊಡ್ಡದಾದರೆ ಓದಬಹುದು, ತಿದ್ದಲು ಚಂದಾ ಬೇಕು. ಫೋನಿನಲ್ಲಿ ಆಗುತ್ತಿದ್ದದ್ದು ಹೊಸ 11 ಇಂಚಿನ ಟ್ಯಾಬಿನಲ್ಲಿ ಆಗದಿದ್ದಾಗ ಗಾಬರಿಯಾಗುತ್ತದೆ. ಗೂಗಲ್ ಡಾಕ್ಸ್, ಶೀಟ್ಸ್‌ಗೆ ಈ ಅಡ್ಡಿ ಇಲ್ಲ.

ಸಿನಿಮಾ ನೋಡುವವರು ‘ವೈಡ್‌ವೈನ್ ಎಲ್1’ ಇದೆಯಾ ಅಂತ ಕೇಳಿ. ವಿಡಿಯೋ ನಕಲು ತಡೆಯುವ ರಕ್ಷಣೆಯ ಮಟ್ಟ ಅದು. ಎಲ್3 ಮಾತ್ರ ಇರುವ ಅಗ್ಗದ ಟ್ಯಾಬಿನಲ್ಲಿ ನೆಟ್‌ಫ್ಲಿಕ್ಸ್ ಥರದ ಆ್ಯಪ್ ಎಚ್‌ಡಿ ತೋರಿಸುವುದಿಲ್ಲ.

7. ಲ್ಯಾಪ್‌ಟಾಪ್ ಅಂತ ಆದರೆ

8 ಜಿಬಿ ರ‍್ಯಾಮ್‌ನಲ್ಲಿ ಬ್ರೌಸಿಂಗ್, ವರ್ಡ್ ನಡೆಯುತ್ತದೆ. 16 ಇದ್ದರೆ ಐದಾರು ವರ್ಷ ಯೋಚನೆ ಇಲ್ಲ. ಹಳೇ ಹಾರ್ಡ್ ಡಿಸ್ಕಿನ ಬದಲು ವೇಗದ ಎಸ್‌ಎಸ್‌ಡಿ ಸ್ಟೋರೇಜ್ ಕಡ್ಡಾಯ. ಪರದೆ 1920x1080 ಇರಲಿ, 1366x768 ಇರುವುದನ್ನು ಪುಕ್ಕಟೆ ಕೊಟ್ಟರೆ ಮಾತ್ರ ತಗೊಳ್ಳಿ. ಟೈಪ್-ಸಿಯಿಂದ ಚಾರ್ಜ್ ಆಗುವಂಥದ್ದು ಸಿಕ್ಕಿದರೆ ಅದನ್ನೇ ಆರಿಸಿ.

ಕೆಲವು ಹೊಸ ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಸ್ನಾಪ್‌ಡ್ರಾಗನ್ ಚಿಪ್ ಬರುತ್ತಿದೆ. ಬ್ಯಾಟರಿ ಚೆನ್ನಾಗಿ ಬರುತ್ತದೆ, ಆದರೆ ಹಳೇ ಡ್ರೈವರ್‌ಗಳು ಅದರಲ್ಲಿ ಕೆಲಸ ಮಾಡುವುದಿಲ್ಲ. ಡಿಜಿಟಲ್ ಸಹಿ ಟೋಕನ್, ಹಳೇ ಪ್ರಿಂಟರ್ ಇರುವವರು ಇಂಟೆಲ್ ಅಥವಾ ಎಎಂಡಿ ಇರುವುದನ್ನೇ ತಗೊಳ್ಳಿ.

ಕ್ರೋಮ್‌ಬುಕ್ ಬಗ್ಗೆ ನನಗೆ ಒಳ್ಳೇ ಅಭಿಪ್ರಾಯ ಇದೆ. ವಿಂಡೋಸ್ ಬದಲು ಗೂಗಲ್‌ನ ಕ್ರೋಮ್‌ಓಎಸ್ ಇರುವ ಲ್ಯಾಪ್‌ಟಾಪ್ ಅದು. ನಿಮ್ಮ ಕೆಲಸವೆಲ್ಲಾ ಬ್ರೌಸರ್‌ನಲ್ಲೇ ಮುಗಿಯುವುದಾದರೆ ಕಡಿಮೆ ದುಡ್ಡಿಗೆ ಒಳ್ಳೇ ಕೀಬೋರ್ಡ್, ವೈರಸ್ ತಲೆನೋವು ಕಡಿಮೆ. ಟ್ಯಾಲಿ, ಹಳೇ ನುಡಿ ಬೇಕಾದವರಿಗೆ ಅಲ್ಲ. ಕೊಳ್ಳುವಾಗ ಆ ಮಾದರಿಗೆ ಅಪ್‌ಡೇಟ್ ಯಾವ ವರ್ಷದವರೆಗೆ ಅಂತ ನೋಡಿ. ಅಂಗಡಿಯಲ್ಲಿ ಧೂಳು ಹಿಡಿದ ಹಳೇ ಸ್ಟಾಕ್ ಆದರೆ ಅಷ್ಟು ವರ್ಷ ಆಗಲೇ ಕಳೆದಿರುತ್ತದೆ.

8. ಸಿಗ್ನಲ್ ಮತ್ತು ಕರೆಂಟ್

ಸಿಮ್ ಹಾಕುವ ಟ್ಯಾಬ್ ಬೇಕಾ? ನಮ್ಮ ಮಲೆನಾಡಿನ ಮನೆಗಳಲ್ಲಿ ಸಿಗ್ನಲ್ ಒಂದು ಕಿಟಕಿಯಲ್ಲಿ ಮಾತ್ರ ಸಿಗುತ್ತದೆ. ಫೋನನ್ನು ಆ ಕಿಟಕಿ ಹಲಗೆ ಮೇಲಿಟ್ಟು ಹಾಟ್‌ಸ್ಪಾಟ್ ಆನ್ ಮಾಡಿದರೆ ಒಳಗಿನ ಕೋಣೆಯಲ್ಲಿ ಟ್ಯಾಬ್ ಹಿಡಿದು ಕೂರಬಹುದು. ಸಿಮ್ ಟ್ಯಾಬ್ ಆದರೆ ಟ್ಯಾಬನ್ನೇ ಕಿಟಕಿಯಲ್ಲಿ ಹಿಡಿದು ನಿಲ್ಲಬೇಕು. ವೈಫೈ ಮಾತ್ರ ಇರುವುದನ್ನು ತಗೊಂಡು ಉಳಿದ ದುಡ್ಡಿಗೆ ಕೀಬೋರ್ಡ್ ತನ್ನಿ. ದಿನಾ ಬಸ್ಸು, ರೈಲಿನಲ್ಲಿ ಓಡಾಡುವವರಿಗೆ ಸಿಮ್ ಇರುವುದು ಸರಿ.

ಮಳೆಗಾಲದಲ್ಲಿ ಎರಡು ದಿನ ಕರೆಂಟ್ ಇಲ್ಲದಿದ್ದರೆ ಟ್ಯಾಬ್ ಸಾಮಾನ್ಯ ಪವರ್ ಬ್ಯಾಂಕ್‌ನಲ್ಲೇ ಚಾರ್ಜ್ ಆಗುತ್ತದೆ. ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ ಇನ್ವರ್ಟರ್ ಬೇಕು.

9. ಅಂಗಡಿಯಲ್ಲಿ ಹದಿನೈದು ನಿಮಿಷ

ನೋಟ್‌ಬುಕ್ ಜೊತೆಗೆ ತಗೊಂಡು ಹೋಗಿ. ನಿಮ್ಮದೇ ಒಂದು ಎ4 ಪಿಡಿಎಫ್, ಒಂದು ಎಕ್ಸೆಲ್, ಒಂದು ಕನ್ನಡ ವರ್ಡ್ ಫೈಲ್ ಪೆನ್‌ಡ್ರೈವ್‌ನಲ್ಲೋ ಮೇಲ್‌ನಲ್ಲೋ ಇರಲಿ. ಡೆಮೊ ಸಾಧನದಲ್ಲಿ ಅವನ್ನೇ ತೆರೆಸಿ. ಅಂಗಡಿಯವರು ತೋರಿಸುವ ಬಣ್ಣಬಣ್ಣದ ವಿಡಿಯೋ ಎಲ್ಲಾ ಪರದೆಯಲ್ಲೂ ಚೆನ್ನಾಗೇ ಕಾಣುತ್ತದೆ.

ಬ್ರೌಸರ್‌ನಲ್ಲಿ ಹತ್ತು ಪುಟ ಒಟ್ಟಿಗೆ ತೆರೆಯಿರಿ. ಹತ್ತನೆಯದರಿಂದ ಮೊದಲನೆಯದಕ್ಕೆ ವಾಪಸ್ ಬನ್ನಿ. ಪುಟ ಹಾಗೇ ಇದ್ದರೆ ಸರಿ, ಮತ್ತೆ ಲೋಡ್ ಆದರೆ ರ‍್ಯಾಮ್ ಸಾಲದು. ಆ ಹುಡುಗಿಗೆ ಆದದ್ದು ಇದೇ. ಆಮೇಲೆ ಒಂದು ಕೈಯಲ್ಲಿ ಐದು ನಿಮಿಷ ಹಿಡಿದು ಓದಿ. ಅರ್ಧ ಕೆಜಿ ಅಂದರೆ ಕಡಿಮೆ ಅನಿಸುತ್ತದೆ, ಮಲಗಿಕೊಂಡು ಹಿಡಿದಾಗ ಕೈ ಹೇಳುತ್ತದೆ. ಬಿಸಿಲು ಬೀಳುವ ಬಾಗಿಲ ಹತ್ತಿರ ನಿಂತು ಪರದೆ ಕಾಣುತ್ತದಾ ನೋಡಿ.

ಕೊನೆಗೆ ಎರಡು ಪ್ರಶ್ನೆ. ಅಪ್‌ಡೇಟ್ ಎಷ್ಟು ವರ್ಷ? ಸರ್ವಿಸ್ ಸೆಂಟರ್ ಎಲ್ಲಿ? ಜಿಲ್ಲಾ ಕೇಂದ್ರದಲ್ಲೂ ಇಲ್ಲದಿದ್ದರೆ ಒಂದು ಗಾಜು ಒಡೆದರೂ ಬೆಂಗಳೂರಿಗೆ ಕಳಿಸಬೇಕು.

10. ಸೆಕೆಂಡ್ ಹ್ಯಾಂಡ್ ನೋಡುವವರಿಗೆ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ, ಜಿಲ್ಲಾ ಊರುಗಳ ಅಂಗಡಿಗಳಲ್ಲಿ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಸಿಗುತ್ತವೆ. ಗಟ್ಟಿಮುಟ್ಟಾಗಿರುತ್ತವೆ, ಕೀಬೋರ್ಡ್ ಚೆನ್ನಾಗಿರುತ್ತದೆ. ಒಂದೇ ಎಚ್ಚರ: ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್ ಪ್ರೊಸೆಸರ್ ಆದರೆ ಬಹುತೇಕ 8ನೇ ತಲೆಮಾರಿನದೋ ಆಮೇಲಿನದೋ ಬೇಕು. ಐ5 ಅಂದ ಮಾತ್ರಕ್ಕೆ ಆಗಲಿಲ್ಲ. ಅದರ ಮುಂದಿನ ಸಂಖ್ಯೆ 6200, 7200 ಅಂತ ಇದ್ದರೆ ಹಳೆಯದು, 8250 ಅಂತ ಇದ್ದರೆ ಆಗುತ್ತದೆ.

ಫೋನ್, ಸಿಮ್ ಇರುವ ಟ್ಯಾಬ್ ಆದರೆ *#06# ಒತ್ತಿದಾಗ ಇಲ್ಲವೇ ಸೆಟ್ಟಿಂಗ್ಸ್‌ನಲ್ಲಿ ಆ ಸಾಧನದ ಗುರುತಿನ 15 ಅಂಕಿಯ ಐಎಂಇಐ ಸಂಖ್ಯೆ ಕಾಣುತ್ತದೆ. ಇಂಗ್ಲಿಷಿನಲ್ಲಿ KYM ಅಂತ ಬರೆದು, ಜಾಗ ಬಿಟ್ಟು, ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿದರೆ ಅದರ ವಿವರ ಬರುತ್ತದೆ. ಕದ್ದದ್ದೆಂದು ತಡೆಹಿಡಿದದ್ದಾದರೆ ಗೊತ್ತಾಗುತ್ತದೆ. ಹಳೇ ಮಾಲೀಕರ ಗೂಗಲ್ ಅಥವಾ ಆಪಲ್ ಖಾತೆ ನಿಮ್ಮ ಎದುರಿಗೇ ತೆಗೆಸಿ, ರೀಸೆಟ್ ಮಾಡಿಸಿ, ಆಮೇಲೆ ದುಡ್ಡು ಕೊಡಿ.

11. ತಂದ ಮೇಲೆ

ಡಬ್ಬಿ, ಬಿಲ್ ಎಸೆಯಬೇಡಿ. ವಾಪಸ್ ಕೊಡಲು ಎಷ್ಟು ದಿನ ಇದೆ ಅಂತ ನೋಡಿಕೊಂಡು, ಅಷ್ಟರೊಳಗೆ ನೋಟ್‌ಬುಕ್‌ನ ತೊಡಕಿನ ಸಾಲುಗಳನ್ನು ಒಂದೊಂದಾಗಿ ಹೊಸದರಲ್ಲಿ ಮಾಡಿ ನೋಡಿ. ಆದದ್ದಕ್ಕೆ ಟಿಕ್ ಹಾಕಿ.

ಪಕ್ಕದ ಮನೆಗೆ ಕೊನೆಗೆ ಬಂದದ್ದು ಒಂದು ಹಳೇ ಲ್ಯಾಪ್‌ಟಾಪ್, 16 ಜಿಬಿ ರ‍್ಯಾಮ್, 8ನೇ ತಲೆಮಾರು. ಮಗಳು ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿಯಬೇಕಲ್ಲ, ಸಂಘದ ಪತ್ರಗಳು ನುಡಿಯಲ್ಲೇ ಇದ್ದವು. ಮೊನ್ನೆ ಅವರ ನೋಟ್‌ಬುಕ್ ನೋಡಿದೆ. ಟಿಕ್ ಬೀಳದೆ ಉಳಿದದ್ದು ಒಂದೇ ಸಾಲು: “ಮಲಗಿಕೊಂಡು ಪೇಪರ್ ಓದೋದು.” ಅದನ್ನು ಈಗಲೂ ಫೋನಿನಲ್ಲೇ ಓದುತ್ತಾರೆ, ಅಕ್ಷರ ದೊಡ್ಡದು ಮಾಡಿಕೊಂಡು.